ಆಕ್ಟೇನ್ ಸಂಖ್ಯೆ ಮತ್ತು ಕಾರಿನ ಮೈಲೇಜ್

ಆಕ್ಟೇನ್ ಸಂಖ್ಯೆ ಏರಿದಂತೆ ಪೆಟ್ರೋಲಿನ ಬೆಲೆಯೂ ಏರುತ್ತದೆ. ಆದುದರಿಂದ ಮೈಲೇಜೂ ಏರುವುದೆಂಬ ನಂಬಿಕೆ ಮಕ್ಕಳಲ್ಲಿಯೂ ಹಿರಿಯರಲ್ಲಿಯೂ ಉಂಟು. ದಹನದ ಪಾಠವನ್ನು ಬೋಧಿಸುವಾಗ ಶಿಕ್ಷಕರು ಈ ತಪ್ಪು ಗ್ರಹಿಕೆಯನ್ನು ನಿವಾರಿಸಬಹುದು.

ಆಕ್ಟೇನ್ ಸಂಖ್ಯೆಯು ಇಂಧನದಲ್ಲಿರುವ ಶಕ್ತಿಯ ಅಳತೆಯಲ್ಲ. ಸಿಲಿಂಡರಿನೊಳಗೆ ಕಿಡಿಯಿಂದ ಹೊತ್ತಿದ ಜ್ವಾಲೆ ತಲುಪುವ ಮೊದಲೇ, ಒತ್ತಡ ಮತ್ತು ತಾಪದಿಂದ ಇಂಧನವು ತಾನಾಗಿ ಸಿಡಿಯದಂತೆ ತಡೆದುಕೊಳ್ಳುವ ಗುಣದ ಅಳತೆ ಅದು. ಹಾಗೆ ಸಿಡಿದಾಗ ಕೇಳಿಬರುವ ಬಡಿತವೇ ‘ನಾಕಿಂಗ್’. ಐಸೋ-ಆಕ್ಟೇನಿಗೆ 100, ಹೆಪ್ಟೇನಿಗೆ 0 ಎಂದಿರಿಸಿಕೊಂಡು ಈ ಮಾನವನ್ನು ರೂಪಿಸಲಾಗಿದೆ.

ಸಂಪೀಡನ ಹೆಚ್ಚಿದಷ್ಟೂ ಎಂಜಿನ್ನಿನ ದಕ್ಷತೆ ಹೆಚ್ಚುತ್ತದೆ. ನಾಕಿಂಗಿನ ಅಪಾಯವೂ ಹೆಚ್ಚುತ್ತದೆ. ಅಂತಹ ಎಂಜಿನ್ನಿಗೆ ಅಧಿಕ ಆಕ್ಟೇನ್ ಅವಶ್ಯ. 91ಕ್ಕೆ ರಚಿತವಾದ ಸಾಮಾನ್ಯ ಕಾರಿಗೆ 95ರ ಪೆಟ್ರೋಲ್ ತುಂಬಿದರೆ ವಿಶೇಷ ಲಾಭವಿಲ್ಲ.

ಎಥನಾಲ್ ಇದಕ್ಕೆ ಉತ್ತಮ ನಿದರ್ಶನ. ಅದರ ಆಕ್ಟೇನ್ ಸಂಖ್ಯೆ 100ಕ್ಕಿಂತ ಅಧಿಕ. ಆದರೆ ಒಂದು ಲೀಟರಿನಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದು ಭಾಗ ಕಡಿಮೆ. ಆದ್ದರಿಂದಲೇ ಶೇ. 20 ಎಥನಾಲ್ ಬೆರೆತ ಪೆಟ್ರೋಲಿನಲ್ಲಿ ಆಕ್ಟೇನ್ ಏರಿದರೂ, ಅದಕ್ಕೆ ಹೊಂದಿಸದ ಎಂಜಿನ್ನಿನ ಮೈಲೇಜ್ ತುಸು ಇಳಿಯುತ್ತದೆ.

ತರಗತಿಯ ಚಟುವಟಿಕೆ: 20 ಲೀಟರಿಗೆ 300 ಕಿ.ಮೀ. ಓಡುವ ಕಾರಿನ ಮೈಲೇಜನ್ನು ಮಕ್ಕಳು ಲೆಕ್ಕಹಾಕಲಿ. ಉತ್ತರ, ಲೀಟರಿಗೆ 15 ಕಿ.ಮೀ. ಶೇ. 10 ಹೆಚ್ಚು ಬೆಲೆಯ ಪೆಟ್ರೋಲಿನ ಖರ್ಚು ಸರಿದೂಗಬೇಕಾದರೆ ಅದು 16.5 ಕಿ.ಮೀ. ಆಗಬೇಕು. ಅಷ್ಟು ಏರಿಕೆ ಸಾಧ್ಯವೇ ಎಂಬ ಚರ್ಚೆ ಮುಂದುವರಿಯಲಿ. ವಾಹನದ ಕೈಪಿಡಿಯಲ್ಲಿ ಸೂಚಿಸಿದ ಇಂಧನವೇ ತಕ್ಕುದು. ಅನವಶ್ಯಕವಾಗಿ ಅದಕ್ಕಿಂತ ಹೆಚ್ಚು ತೆತ್ತ ಹಣ ಮನೆಯ ಖರ್ಚಿಗೆ ಹೊರೆಯಾಗುತ್ತದೆ ಎಂಬುದನ್ನು ಮಕ್ಕಳು ತಾವೇ ಕಂಡುಕೊಳ್ಳುವರು.