ಅಜ್ಜಿಯ ದುಡಿಮೆ, ಮನುಷ್ಯನ ಹುಟ್ಟು

ಟಾಂಜಾನಿಯಾದ ಏಯಾಸಿ ಸರೋವರದ ಸುತ್ತಮುತ್ತ ಹಾಡ್ಜಾ ಜನರಿದ್ದಾರೆ. ಬೇಟೆ, ಜೇನು, ಹಣ್ಣು, ಗೆಡ್ಡೆಗೆಣಸು ಅವರ ಜೀವನಾಧಾರ. 1980ರ ದಶಕದಲ್ಲಿ ಮಾನವಶಾಸ್ತ್ರಜ್ಞೆ ಕ್ರಿಸ್ಟನ್ ಹಾಕ್ಸ್ ಮತ್ತು ಸಂಗಡಿಗರು ಅಲ್ಲಿ ಉಳಿದು, ಯಾರು ಎಷ್ಟು ಆಹಾರ ತರುತ್ತಾರೆಂದು ತೂಗಿ ನೋಡಿದರು. ದೊಡ್ಡ ಬೇಟೆಗೆ ಹೋದ ಗಂಡಸರು ಎಷ್ಟೋ ದಿನ ಬರಿಗೈಯಲ್ಲಿ ಮರಳುತ್ತಿದ್ದರು. ವಯಸ್ಸಾದ ಹೆಂಗಸರು ಮಾತ್ರ ಚೂಪು ಕೋಲಿನಿಂದ ಗಟ್ಟಿ ನೆಲ ಬಗೆದು ತಪ್ಪದೆ ಗೆಡ್ಡೆ ತರುತ್ತಿದ್ದರು. ಮನೆಯಲ್ಲಿ ಹೊಸ ಕೂಸು ಹುಟ್ಟಿದಾಗ ತಾಯಿಯ ದುಡಿಮೆ ಕುಗ್ಗುತ್ತದೆ. ಆಗ ಮೊಲೆ ಬಿಟ್ಟ ದೊಡ್ಡ ಮಗುವಿನ ಮೈತೂಕ ಅಜ್ಜಿ ಎಷ್ಟು ಅಗೆದಳು ಎಂಬುದನ್ನು ಅವಲಂಬಿಸಿತ್ತು.

ಬೇಟೆಗಾರ ಅಪ್ಪ, ಮನೆ ಕಾಯುವ ಅಮ್ಮ. ಮನುಷ್ಯ ಕುಟುಂಬದ ಮೂಲ ಇದೇ ಎಂದು ಬಹುಕಾಲ ನಂಬಲಾಗಿತ್ತು. ನನಗೆ ಹಾಕ್ಸ್ ಹೇಳುವ ಅಜ್ಜಿಯ ಕಥೆಯೇ ಹೆಚ್ಚು ನಿಜವೆನಿಸುತ್ತದೆ. ಚಿಂಪಾಂಜಿ ತಾಯಿ ಒಬ್ಬಳೇ ಮರಿ ಸಾಕುತ್ತಾಳೆ. ಮೊದಲ ಕೆಲವು ತಿಂಗಳು ಅದನ್ನು ಬೇರೆಯವರ ಕೈಗೇ ಕೊಡುವುದಿಲ್ಲ. ಆದ್ದರಿಂದ ಒಂದು ಹೆರಿಗೆಗೂ ಇನ್ನೊಂದಕ್ಕೂ ಐದಾರು ವರ್ಷ ಅಂತರ. ಮನುಷ್ಯ ತಾಯಿ ಮೊದಲ ಮಗು ತಾನಾಗಿ ಹೊಟ್ಟೆ ಹೊರೆಯುವ ಎಷ್ಟೋ ಮೊದಲೇ ಮತ್ತೊಂದನ್ನು ಹೆರುತ್ತಾಳೆ. ಒಂಟಿಯಾಗಿ ಅವಳಿಂದ ಇದು ಆಗದ ಕೆಲಸ.

ಮಾನವಶಾಸ್ತ್ರಜ್ಞೆ ಸಾರಾ ಬ್ಲಾಫರ್ ಹರ್ಡಿ 2009ರ ‘ಮದರ್ಸ್ ಅಂಡ್ ಅದರ್ಸ್’ ಪುಸ್ತಕದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಹಲವರ ಮಡಿಲಲ್ಲಿ ಬೆಳೆಯುವ ಕೂಸು ಯಾರು ಎತ್ತಿಕೊಳ್ಳುತ್ತಾರೆ, ಯಾರು ಮುಖ ತಿರುಗಿಸುತ್ತಾರೆ ಎಂದು ಗುರುತಿಸಲೇಬೇಕು. ಕಣ್ಣಲ್ಲಿ ಕಣ್ಣಿಟ್ಟು ನಗುವುದು, ಮತ್ತೊಬ್ಬರ ಮನಸ್ಸನ್ನು ಊಹಿಸುವುದು ಅಲ್ಲಿ ಬಲಿತವು. ಅಂದರೆ ನಾವು ಪ್ರೀತಿ ಎನ್ನುವುದರ ಬಹುಪಾಲು ಕೂಸುಗಳು ಬದುಕುಳಿಯಲು ಕಲಿತ ವಿದ್ಯೆ.

ಇತಿಹಾಸದ ದಾಖಲೆಗಳೂ ಅಜ್ಜಿಯ ಪರವಾಗಿವೆ. ಫಿನ್‌ಲೆಂಡ್ ಮತ್ತು ಕೆನಡಾದ 18–19ನೇ ಶತಮಾನದ ಚರ್ಚ್ ದಾಖಲೆಗಳ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಐವತ್ತು ದಾಟಿದ ಮೇಲೆ ಹೆಣ್ಣು ಬದುಕಿದ ಪ್ರತಿ ಹತ್ತು ವರ್ಷಕ್ಕೆ ಆಕೆಯ ವಂಶದಲ್ಲಿ ಸರಾಸರಿ ಇಬ್ಬರು ಮೊಮ್ಮಕ್ಕಳು ಹೆಚ್ಚಿದ್ದರು.

ಕಡಲಿನಲ್ಲಿ ಓರ್ಕಾ ತಿಮಿಂಗಿಲಗಳದ್ದೂ ಇದೇ ಬಾಳು. ಹೆಣ್ಣು ಓರ್ಕಾ ನಲವತ್ತರ ಆಸುಪಾಸಿಗೆ ಹೆರುವುದನ್ನು ನಿಲ್ಲಿಸಿ, ಆಮೇಲೆ ದಶಕಗಳ ಕಾಲ ಬದುಕಬಲ್ಲದು. ಕೆನಡಾ-ಅಮೆರಿಕದ ಪಶ್ಚಿಮ ಕರಾವಳಿಯ ಗುಂಪುಗಳಲ್ಲಿ ಗಂಡು, ಹೆಣ್ಣು ಮಕ್ಕಳಿಬ್ಬರೂ ಜೀವನಪೂರ್ತಿ ತಾಯಿಯ ಜತೆಗಿರುತ್ತಾರೆ. ಸಾಲ್ಮನ್ ಮೀನು ವಿರಳವಾದ ವರ್ಷ ದಾರಿ ತೋರಿಸಲು ಮುಂದೆ ಈಜುವುದು ಹೆಚ್ಚಾಗಿ ಮುದುಕಿಯೇ. ಅಜ್ಜಿ ಸತ್ತರೆ ಮುಂದಿನ ಎರಡು ವರ್ಷಗಳಲ್ಲಿ ಮೊಮ್ಮರಿಗಳ ಸಾವೂ ಹೆಚ್ಚುತ್ತದೆ.

ಹಾಗಾದರೆ ಅಜ್ಜಿಯ ಆಸರೆ ಸಿಗಲು ಮುಟ್ಟು ನಿಂತ ಮೇಲೂ ಆಕೆ ಬದುಕಿದರೆ ಸಾಕೇ? ಉಗಾಂಡಾದ ಕಿಬಾಲೆ ಕಾಡಿನ ನ್ಗೋಗೊ ಚಿಂಪಾಂಜಿಗಳಲ್ಲೂ ಹಾಗೆ ಬದುಕುವ ಹೆಣ್ಣುಗಳಿವೆ ಎಂದು 2023ರಲ್ಲಿ ತಿಳಿಯಿತು. ಆದರೆ ಅವು ಮೊಮ್ಮಕ್ಕಳನ್ನು ಸಾಕುವುದಿಲ್ಲ. ಹೆಣ್ಣುಮಕ್ಕಳು ಪ್ರಾಯಕ್ಕೆ ಬಂದಾಗ ಸಾಮಾನ್ಯವಾಗಿ ಬೇರೆ ಗುಂಪು ಸೇರುತ್ತವೆ. ಮಗಳ ಮರಿ ಅಜ್ಜಿಯ ಕಣ್ಣಿಗೇ ಬೀಳುವುದಿಲ್ಲ. ನಮ್ಮಲ್ಲೂ ಮಗಳು ಮನೆ ಬಿಟ್ಟು ಹೋಗುತ್ತಾಳೆ. ಆದರೆ ಚೊಚ್ಚಲ ಬಾಣಂತನಕ್ಕೆ ತವರಿಗೆ ಬರುತ್ತಾಳೆ. ಅವಳು ಕ್ಯಾಲಿಫೋರ್ನಿಯಾದಲ್ಲಿದ್ದರೆ ಹಾಸನದ ಅಮ್ಮ ಬಾಣಂತಿ ಲೇಹ್ಯ ಕಟ್ಟಿಕೊಂಡು ವಿಮಾನ ಹತ್ತುತ್ತಾಳೆ.