ನಿಮಗಿದು ಗೊತ್ತೆ? ದೂಳಿಗೊಂದು ಫಿಲ್ಟರ್, ಹೊಗೆಗೊಂದು
ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆ ಮೆಕ್ಕೆಜೋಳ, ಶೇಂಗಾ ಒಕ್ಕಣೆ ಶುರುವಾಯಿತೆಂದರೆ ಕಿಟಕಿ ಕಟ್ಟೆಯ ಮೇಲೆ ಬೆರಳಾಡಿಸಿದರೆ ಗೆರೆ ಮೂಡುತ್ತದೆ. ಅದು ಹೆಚ್ಚಾಗಿ ದಪ್ಪ ಕಣಗಳ ದೂಳು. ಇಲ್ಲಿ ಏರ್ ಪ್ಯೂರಿಫೈಯರ್ ಕೊಳ್ಳುವವರು ತೊಳೆದು ಮತ್ತೆ ಹಾಕಬಹುದಾದ ಪ್ರೀ-ಫಿಲ್ಟರ್ ಇದೆಯೇ ಎಂದು ಮೊದಲು ನೋಡಬೇಕು. ಇಲ್ಲದಿದ್ದರೆ ಒಳಗಿರುವ, ಸೂಕ್ಷ್ಮ ಕಣ ತಡೆಯುವ ದುಬಾರಿ ಹೆಪಾ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ.

ಒಲೆಯ ಹೊಗೆ, ಕಸ ಸುಟ್ಟ ಹೊಗೆಯಲ್ಲಿರುವುದು ಶ್ವಾಸಕೋಶದ ಆಳಕ್ಕಿಳಿಯುವ ಪಿಎಂ 2.5 ಕಣ. ಅದಕ್ಕೆ ಹೆಪಾನೇ ಬೇಕು, 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಶೇ 99.97ರಷ್ಟನ್ನು ತಡೆಯುವುದು ಅದರ ಮಾನದಂಡ. ವಾಸನೆ, ಅನಿಲ ಮಾತ್ರ ಹೆಪಾಕ್ಕೆ ಸಿಗುವುದಿಲ್ಲ; ಅದಕ್ಕೆ ಸಕ್ರಿಯ ಇದ್ದಿಲಿನ ಪದರ ಇರಬೇಕು. ಸೌದೆ ಒಲೆಯ ಮನೆಯಾದರೆ ಯಂತ್ರಕ್ಕೆ ದುಡ್ಡು ಹಾಕುವ ಮೊದಲು ಹೊಗೆಗೂಡು ಸರಿಮಾಡಿಸಿ.