ನೀರೊಳಗಿನ ಕಣ್ಣಿಗೆ ಪೊರೆ

ಕಲಬುರಗಿಯ ನೆಹರು ಗಂಜ್ ತೊಗರಿಯ ಪೇಟೆ. ತಕ್ಕಡಿಯ ತಟ್ಟೆಗೆ ಮಣ್ಣು ಮೆತ್ತಿದರೆ ತೂಕ ಸುಳ್ಳಾಗುವುದೆಂಬುದು ಅಲ್ಲಿಯ ಹಮಾಲನಿಗೂ ತಿಳಿದ ಮಾತು. ಮುರಿದ ತಕ್ಕಡಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಮಣ್ಣು ಮೆತ್ತಿದ ತಕ್ಕಡಿಯಾದರೋ ಸದ್ದಿಲ್ಲದೆ ವಂಚಿಸುತ್ತದೆ. ನೀರನ್ನು ಪರೀಕ್ಷಿಸುವ ಯಂತ್ರಗಳ ಪಾಡೂ ಇದೇ ಆಗಿದೆ.

ಈ ನಗರದ ಕುಡಿಯುವ ನೀರಿಗೆ ಭೀಮಾ ನದಿ ಹಾಗೂ ಬೆಣ್ಣೆತೊರಾ ಜಲಾಶಯಗಳೇ ಆಧಾರ. ಮಳೆಗಾಲದಲ್ಲಿ ಹೊಳೆಯ ನೀರು ರಾಡಿಯಾಗುತ್ತದೆ. ಅದನ್ನು ತಿಳಿಗೊಳಿಸಲು ಎಷ್ಟು ಪಟಿಕ ಬೇಕೆಂಬುದು ಕದಡಿನ ಪ್ರಮಾಣವನ್ನು ಅವಲಂಬಿಸಿದೆ. ಕದಡನ್ನು ಅಳೆಯಲು ಇಂದು ಹಲವು ಕಡೆಗಳಲ್ಲಿ ದೃಕ್-ಸಂವೇದಕಗಳನ್ನು ನೀರಿನಲ್ಲಿಯೇ ಮುಳುಗಿಸಿಡುತ್ತಾರೆ. ಗಾಜಿನ ಕಿಂಡಿಯಿಂದ ಹೊರಟ ಬೆಳಕು ಮಣ್ಣಿನ ಕಣಗಳಿಗೆ ತಾಗಿ ಚದುರುತ್ತದೆ. ಹಾಗೆ ಚದುರಿದ ಬೆಳಕನ್ನು ಯಂತ್ರವು ಅಳೆಯುತ್ತದೆ.

ಆದರೆ ನೀರಿಗಿಳಿದ ಗಾಜು ಬಹುಕಾಲ ನಿರ್ಮಲವಾಗಿ ಉಳಿಯದು. ಮೊದಲು ಸಾವಯವ ದ್ರವ್ಯಗಳ ತೆಳುಪದರ, ಅದರ ಮೇಲೆ ಬ್ಯಾಕ್ಟೀರಿಯಾ, ಬಳಿಕ ಪಾಚಿ. ಕಾರವಾರದ ಕಡಲಾದರೆ ಬಾರ್ನಕಲ್ ಎಂಬ ಚಿಪ್ಪುಜೀವಿಯೂ ಬಂದು ನೆಲೆಸೀತು. ಲೋಳೆ ಕಟ್ಟಿದ ಕಿಂಡಿಗೆ ತಿಳಿನೀರೂ ರಾಡಿಯಾಗಿ ತೋರಬಹುದು. ಆಗ ಪಟಿಕದ ಲೆಕ್ಕವೂ ತಪ್ಪುತ್ತದೆ.

ಇದಕ್ಕೆ ಹಳೆಯ ಮದ್ದು ತಾಮ್ರ. 1761ರಲ್ಲಿ ಬ್ರಿಟಿಷ್ ನೌಕಾಪಡೆಯು ‘ಅಲಾರ್ಮ್’ ಎಂಬ ಹಡಗಿನ ತಳಕ್ಕೆ ತಾಮ್ರದ ತಗಡು ಹೊದಿಸಿ ಪರೀಕ್ಷಿಸಿತು. 1824ರಲ್ಲಿ ವಿಜ್ಞಾನಿ ಹಂಫ್ರಿ ಡೇವಿ, ಕಬ್ಬಿಣ, ಸತುವುಗಳ ತುಂಡುಗಳನ್ನು ಜೋಡಿಸಿ ತಾಮ್ರದ ಸವೆತವನ್ನು ತಡೆದನು. ಸವೆತವೇನೋ ನಿಂತಿತು; ಆದರೆ ಜೀವಿಗಳು ಮತ್ತೆ ಮುತ್ತಿದವು! ತಾನು ಕರಗುತ್ತಲೇ ಕಾಯುವುದು ತಾಮ್ರದ ಗುಣ. ಇಂದಿಗೂ ಸಂವೇದಕದ ತುದಿಗೆ ತಾಮ್ರದ ಕವಚ ತೊಡಿಸುವುದುಂಟು.

ಇದಕ್ಕಿಂತ ಉಗ್ರವಾದ ವಿಷಗಳೂ ಇದ್ದವು. ಹಡಗಿನ ಬಣ್ಣಗಳಲ್ಲಿ ಬೆರೆಸುತ್ತಿದ್ದ ತವರದ ಸಂಯುಕ್ತಗಳು ಕಡಲಿನ ಶಂಖಜೀವಿಗಳ ಸಂತಾನಕ್ಕೇ ಕುತ್ತು ತಂದುದರಿಂದ, ಅವನ್ನು ನಿಷೇಧಿಸುವ ಅಂತರರಾಷ್ಟ್ರೀಯ ಒಪ್ಪಂದ 2008ರಲ್ಲಿ ಜಾರಿಗೆ ಬಂದಿತು. ಕುಡಿಯುವ ನೀರಿನಲ್ಲಂತೂ ಅಂಥ ವಿಷದ ಮಾತೇ ಸಲ್ಲದು. ಆದುದರಿಂದ ಬಸ್ಸಿನ ಗಾಜನ್ನು ಒರೆಸುವಂತೆ ಕಿಂಡಿಯನ್ನು ಆಗಾಗ ಒರೆಸುವ ಪುಟ್ಟ ಕುಂಚ, ಅಳೆಯುವಾಗ ಮಾತ್ರ ತೆರೆಯುವ ಮುಚ್ಚಳ, ಅತಿನೇರಳೆ ಬೆಳಕು ಇವೇ ಉಪಾಯಗಳು. ಕುಂಚ ಸವೆಯುತ್ತದೆ, ಬೆಳಕಿಗೆ ವಿದ್ಯುತ್ತು ಬೇಕು. ಇವೆಲ್ಲವೂ ಲೋಳೆಯನ್ನು ತಡಮಾಡಿಸುತ್ತವೆಯೇ ಹೊರತು ಪೂರ್ಣವಾಗಿ ತಡೆಯುವುದಿಲ್ಲ.

ಕೊನೆಗೆ ಉಳಿಯುವುದು ಮನುಷ್ಯನ ಕೈ. ತೊಳೆಯುವ ಮುನ್ನ ಒಂದು ಅಳತೆ, ತೊಳೆದ ಕೂಡಲೆ ಅದೇ ನೀರಿನಲ್ಲಿ ಇನ್ನೊಂದು ಅಳತೆ. ಎರಡರ ಅಂತರವೇ ಲೋಳೆ ಹೇಳಿದ ಸುಳ್ಳು. ಅದನ್ನು ತಪ್ಪದೆ ಬರೆದಿಡುವ ಕೆಲಸಗಾರನಿರುವವರೆಗೆ ಯಂತ್ರದ ಮಾತನ್ನು ನಂಬಬಹುದು.